ಪರ್ಮನೆಂಟ್ ಕೆಲಸ: ಕೋಟೆಯೋ, ಗುಡ್ಡವೋ?

ಹುಡುಗನಿಗೆ ಬೆಂಗಳೂರಿನ ಫ್ಯಾಕ್ಟರಿಯಲ್ಲಿ ‘ಪರ್ಮನೆಂಟ್’ ಆಗಿದೆ ಅಂದರೆ ಸಾಕು, ಹೆಣ್ಣು ಕೊಡುವವರು ಮನೆ ಹುಡುಕಿಕೊಂಡು ಬರುತ್ತಿದ್ದ ಕಾಲವೊಂದಿತ್ತು. ಆ ಮಾತಿಗೆ ತೂಕ ತಂದ ಜಾಗಗಳಲ್ಲಿ ಬೆಂಗಳೂರಿನ ಪೂರ್ವ ಭಾಗವೂ ಒಂದು.

1809ರಲ್ಲಿ ಹಲಸೂರಿನ ಬಳಿ ಬ್ರಿಟಿಷರ ದಂಡು ನೆಲೆಯೂರಿತು. ಅದೇ ಕಂಟೋನ್ಮೆಂಟ್. 1940ರಲ್ಲಿ ಅದರಾಚೆ ವಿಮಾನ ಕಾರ್ಖಾನೆ ಎಚ್‌ಎಎಲ್ ಬಂತು. 1948ರಲ್ಲಿ ಕೆ.ಆರ್. ಪುರದ ಬಳಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಬಂತು. ಅಲ್ಲಿನ ಬಡಾವಣೆಗೆ ದೂರವಾಣಿನಗರ ಎಂದೇ ಹೆಸರಾಯಿತು. ಇಂದಿರಾನಗರದ ವಿಳಾಸಗಳಲ್ಲಿ ಈಗಲೂ ‘ಎಚ್‌ಎಎಲ್ 2ನೇ ಹಂತ’ ಎಂದು ಬರೆಯುತ್ತಾರೆ.

ಇಂಥ ನಗರದ ಕಾರ್ಖಾನೆ ಕಾರ್ಮಿಕರ ಬದುಕನ್ನು 1970ರ ದಶಕದ ಆರಂಭದಲ್ಲಿ ಅಧ್ಯಯನ ಮಾಡಿದವರು ಬ್ರಿಟನ್ನಿನ ಸಮಾಜ ಮಾನವಶಾಸ್ತ್ರಜ್ಞ ಮಾರ್ಕ್ ಹೋಮ್‌ಸ್ಟ್ರಾಮ್. 1976ರ ಪುಸ್ತಕದಲ್ಲಿ ಅವರು ಕಾಯಂ ನೌಕರಿಯನ್ನು ಕೋಟೆಗೆ ಹೋಲಿಸಿದರು. ಒಳಗಿದ್ದವರಿಗೆ ಸಂಬಳ, ಪಿ.ಎಫ್., ಯೂನಿಯನ್, ಹೊರಗಿದ್ದವರಿಗೆ ದಿನಗೂಲಿ. ಗೋಡೆ ಎಬ್ಬಿಸಿದ್ದು ಕಾನೂನೇ. 1948ರ ಕಾರ್ಖಾನೆ ಕಾಯಿದೆ ಅನ್ವಯವಾಗಲು ವಿದ್ಯುತ್ ಬಳಸುವ ಕಡೆ ಕನಿಷ್ಠ 10 ಕೆಲಸಗಾರರು ಇರಬೇಕಿತ್ತು. ಒಂಬತ್ತೇ ಜನರಿದ್ದ ಶೆಡ್ಡಿನಲ್ಲಿ ಅದೇ ಲೇತ್ ಓಡಿಸಿದವನಿಗೆ ಆ ಕಾಯಿದೆಯ ರಕ್ಷಣೆ ಇರಲಿಲ್ಲ.

ಆದರೆ 1984ರ ಪುಸ್ತಕದಲ್ಲಿ ಅವರು ತಮ್ಮ ಮಾತನ್ನೇ ತಿದ್ದಿಕೊಂಡರು. ಇದನ್ನು ಕೋಟೆ ಅನ್ನುವುದಕ್ಕಿಂತ ಬೆಟ್ಟ ಅನ್ನುವುದೇ ಸರಿ ಎಂದರು. ಮೇಲೆ ದೊಡ್ಡ ಕಾರ್ಖಾನೆಯ ನುರಿತ ಕೆಲಸಗಾರರು, ಕೆಳಗೆ ಸಣ್ಣ ವರ್ಕ್‌ಶಾಪಿನವರು, ಇನ್ನೂ ಕೆಳಗೆ ಕೂಲಿಯವರು. ಹತ್ತಲು ಕಾಲುದಾರಿಗಳಿವೆ, ಆದರೆ ಅವು ಎಲ್ಲರಿಗೂ ಒಂದೇ ಸಮ ಸುಲಭವಲ್ಲ. ಒಳಗೆ ನೆಂಟರೋ, ಜಾತಿಯವರೋ, ಊರಿನವರೋ ಇದ್ದವನಿಗೆ ಕೆಲಸ ಖಾಲಿ ಇರುವ ಸುದ್ದಿ ಮೊದಲು ಸಿಗುತ್ತದೆ. ಯಾರೂ ಇಲ್ಲದವನಿಗೆ ಅದು ತಲುಪುವ ಹೊತ್ತಿಗೆ ಜಾಗ ತುಂಬಿರುತ್ತದೆ.

ಮೇಲಿದ್ದವರೂ ಜಾರುತ್ತಾರೆ. ಬೈಯಪ್ಪನಹಳ್ಳಿಯ ಸರ್ಕಾರಿ ಕಾರ್ಖಾನೆ ಎನ್‌ಜಿಇಎಫ್ 2000ರ ದಶಕದ ಆರಂಭದಲ್ಲಿ ಬಾಗಿಲು ಮುಚ್ಚಿತು.

ನಮ್ಮೂರುಗಳಿಂದ ಈಗಲೂ ಹುಡುಗ ಹುಡುಗಿಯರು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಾರೆ. ಸೆಕ್ಯುರಿಟಿ, ಗಾರ್ಮೆಂಟ್ಸ್, ಡೆಲಿವರಿ ಎಂದು ಕೆಲಸಕ್ಕೆ ಹೆಸರು ನೂರಿದೆ. ಹೊರಡುವ ಮುಂಚೆ ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಜೊತೆಗೆ ಇನ್ನೆರಡನ್ನೂ ಕೇಳಿ: ಹೆಸರು ಕಂಪನಿಯ ಪಟ್ಟಿಯಲ್ಲಿರುತ್ತದೋ, ಕಂಟ್ರಾಕ್ಟರನ ಪಟ್ಟಿಯಲ್ಲೋ? ಪಿ.ಎಫ್. ಕಟ್ಟುತ್ತಾರೋ? ನೀವು ಎಷ್ಟು ಮೇಲಿದ್ದೀರಿ, ಜಾರಿದರೆ ಹಿಡಿದುಕೊಳ್ಳಲು ಏನಿದೆ ಎಂಬುದು ಆ ಉತ್ತರದಲ್ಲೇ ಗೊತ್ತಾಗುತ್ತದೆ.

ಈಗಾಗಲೇ ಹತ್ತಿದವರು ನಿಮ್ಮೂರಲ್ಲಿದ್ದರೆ, ಹಬ್ಬಕ್ಕೆ ಬಂದಾಗ ದಾರಿ ಕೇಳಿಕೊಳ್ಳಿ. ನೆಂಟರ ಮಕ್ಕಳಿಗಷ್ಟೇ ಅಲ್ಲ, ಕೇರಿಯಾಚೆಯ ಮಕ್ಕಳಿಗೂ ಅದನ್ನು ಹೇಳಿ.