ಹೌದೆನ್ನುವ ಒಲವು ಮತ್ತು ತ್ಸಿಮಾನೆ ಸಾಕ್ಷ್ಯ: ವ್ಯಕ್ತಿತ್ವ ಪ್ರಶ್ನಾವಳಿಯ ಸಿಂಧುತ್ವ ಕುರಿತು

ವ್ಯಕ್ತಿತ್ವ ಪ್ರಶ್ನಾವಳಿಗಳ ವಿಷಯದಲ್ಲಿ ಕೆಲವು ಸಂಗತಿಗಳು ಇತ್ಯರ್ಥವಾಗಿವೆ. ಪ್ರಶ್ನೆಗಳ ಆಂತರಿಕ ಹೊಂದಾಣಿಕೆಯನ್ನು ಅಳೆಯಲು ಕ್ರಾನ್‌ಬಾಕ್ 1951ರಲ್ಲಿ ವಿವರಿಸಿದ ಆಲ್ಫಾ ಗುಣಾಂಕವಿದೆ. ವಿಶ್ವಸನೀಯತೆ ಇದ್ದಮಾತ್ರಕ್ಕೆ ಸಿಂಧುತ್ವ ಬಂದೀತೆಂದಿಲ್ಲ. ಒಂದು ಗುಣವನ್ನು ಬೇರೆ ಬೇರೆ ವಿಧಾನಗಳಿಂದ ಅಳೆದು ತಾಳೆ ನೋಡಬೇಕೆಂದು ಕ್ಯಾಂಪ್‌ಬೆಲ್ ಮತ್ತು ಫಿಸ್ಕ್ 1959ರಲ್ಲೇ ವಾದಿಸಿದ್ದರು. ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆ, ಭಾವನಾತ್ಮಕ ಅಸ್ಥಿರತೆ, ಹೊಸ ಅನುಭವಗಳಿಗೆ ತೆರೆದುಕೊಳ್ಳುವ ಗುಣ ಎಂಬ ಐದರ ಮಾದರಿ ಅಕ್ಷರಸ್ಥ ನಗರವಾಸಿಗಳಲ್ಲಿ ಮತ್ತೆ ಮತ್ತೆ ದೃಢಪಟ್ಟಿದೆ. ತಕರಾರು ಇರುವುದು ಅದರಾಚೆ.

ಬೊಲಿವಿಯಾದ ತ್ಸಿಮಾನೆ ಜನ ಬೇಟೆ, ಮೀನುಗಾರಿಕೆ, ಸಣ್ಣ ಬೇಸಾಯಗಳಿಂದ ಬದುಕುವವರು, ಬಹುಪಾಲು ಅನಕ್ಷರಸ್ಥರು. ಮೈಕೆಲ್ ಗರ್ವೆನ್ ಮತ್ತು ಸಂಗಡಿಗರು 44 ಹೇಳಿಕೆಗಳ 'ಬಿಗ್ ಫೈವ್ ಇನ್ವೆಂಟರಿ'ಯನ್ನು ಅನುವಾದಿಸಿ 632 ವಯಸ್ಕರಿಂದ ಉತ್ತರ ಪಡೆದರು. 2013ರಲ್ಲಿ ಪ್ರಕಟವಾದ ಅವರ ಫಲಿತಾಂಶದಲ್ಲಿ ಐದು ಗುಣಗಳ ರಚನೆ ಕಾಣಲಿಲ್ಲ. ಬೇರೆಯೇ 430 ಮಂದಿ ತಮ್ಮ ಸಂಗಾತಿಯ ಬಗ್ಗೆ ಉತ್ತರಿಸಿದಾಗಲೂ ಚಿತ್ರ ಸುಧಾರಿಸಲಿಲ್ಲ. ಅಲ್ಲಿರುವುದು ಎರಡೇ ಮುಖ್ಯ ಘಟಕಗಳು, ಇದು ಸಣ್ಣ ಸಮಾಜಗಳ ಜೀವನಕ್ರಮದ ಫಲವಿರಬಹುದು ಎಂಬುದು ಅವರ ತೀರ್ಮಾನ.

ಐದರ ರಚನೆ ಕಾಣಲಿಲ್ಲ ಎಂಬ ಮೊದಲ ಭಾಗವನ್ನು ಒಪ್ಪುತ್ತೇನೆ. ಇರುವುದು ಎರಡೇ ಘಟಕಗಳು ಎಂಬ ಎರಡನೆಯ ಭಾಗಕ್ಕೆ ಸಾಕ್ಷ್ಯ ಸಾಲದು ಎಂಬುದು ನನ್ನ ವಾದ. ಪ್ರಶ್ನಾವಳಿಯ 44 ಹೇಳಿಕೆಗಳಲ್ಲಿ 16 ವಿರುದ್ಧಾರ್ಥದವು. ಅವುಗಳ ಅಂಕವನ್ನು ತಿರುಗಿಸಿ ಲೆಕ್ಕ ಹಿಡಿಯಬೇಕು. ಕೇಳಿದ್ದಕ್ಕೆಲ್ಲ ಹೌದೆನ್ನುವ ಒಲವಿನ ಒಬ್ಬರು 'ಮಾತು ಹೆಚ್ಚು' ಎಂಬುದಕ್ಕೂ 'ಮಾತು ಕಡಿಮೆ' ಎಂಬುದಕ್ಕೂ ಐದರಲ್ಲಿ 4 ಕೊಟ್ಟರೆನ್ನಿ. ತಿರುಗಿಸಿದ ಮೇಲೆ ಎರಡನೆಯದು 2 ಆಗುತ್ತದೆ, ಸರಾಸರಿ 3. ಅವರ ಮಾತುಗಾರಿಕೆಯ ಬಗ್ಗೆ ನಮಗೆ ಏನೂ ತಿಳಿಯಲಿಲ್ಲ. ಇಂಥವರು ಹೆಚ್ಚಿದಷ್ಟೂ ನೇರ ಹೇಳಿಕೆಗಳಿಗೂ ತಿರುಗಿಸಿದವಕ್ಕೂ ನಂಟು ಕಡಿದು ಆಲ್ಫಾ ಕುಸಿಯುತ್ತದೆ.

ಗರ್ವೆನ್ ತಂಡ ಇದನ್ನು ಗಮನಿಸದೆ ಬಿಟ್ಟಿಲ್ಲ. ವಿರುದ್ಧಾರ್ಥದ ಹೇಳಿಕೆಗಳನ್ನು ತೆಗೆದುಹಾಕಿದಾಗ ಬಹಿರ್ಮುಖತೆ, ಸೌಹಾರ್ದ, ಕರ್ತವ್ಯನಿಷ್ಠೆಗಳನ್ನು ಹೋಲುವ ಘಟಕಗಳು ಮೂಡಿದವು. ಆದರೂ ಐದರ ಮಾದರಿ ಸರಿಹೊಂದಲಿಲ್ಲ. ನನ್ನ ಆಕ್ಷೇಪ ಈ ಪರಿಹಾರದ ಮೇಲೆಯೇ. ಉಳಿದ 28 ಹೇಳಿಕೆಗಳೆಲ್ಲ ಒಂದೇ ದಿಕ್ಕಿನವು. ಅಲ್ಲಿ ಹೌದೆನ್ನುವ ಒಲವು ಇಲ್ಲವಾಗುವುದಿಲ್ಲ, ಗುಣದೊಂದಿಗೆ ಬೆರೆತು ಅಡಗುತ್ತದೆ. ಸಂಗಾತಿಯ ಸಾಕ್ಷ್ಯಕ್ಕೂ ಇದೇ ತೊಡಕು: ಒಬ್ಬರು ಒಬ್ಬರನ್ನೇ ಅಳೆದಾಗ ಹೇಳಿದವರ ರೂಢಿ ಯಾವುದು, ಹೇಳಿಸಿಕೊಂಡವರ ಸ್ವಭಾವ ಯಾವುದು ಎಂದು ಬಿಡಿಸಲಾಗದು. ಕ್ಯಾಂಪ್‌ಬೆಲ್–ಫಿಸ್ಕ್ ಬಯಸಿದ ಬೇರೊಂದು ವಿಧಾನ ಇದಲ್ಲ.

ಈ ಮಾತನ್ನು ಅತಿಯಾಗಿ ಎಳೆಯಬಾರದು. ಶಾಲೆಗೆ ಹೋದ, ಸ್ಪ್ಯಾನಿಶ್ ಬಲ್ಲ ತ್ಸಿಮಾನೆಗಳಲ್ಲೂ ಐದರ ಮಾದರಿ ಹೆಚ್ಚೇನೂ ಹೊಂದಲಿಲ್ಲ. ಉತ್ತರಿಸುವ ರೂಢಿಯೊಂದೇ ಕಾರಣವಾಗಿದ್ದರೆ, ಮತ್ತು ಓದು ಅದನ್ನು ತಗ್ಗಿಸುವುದಾದರೆ, ಇಲ್ಲಿ ವ್ಯತ್ಯಾಸ ಕಾಣಬೇಕಿತ್ತು. ಈ ತೊಡಕಿಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ.

ಆದರೆ 2019ರಲ್ಲಿ ರಶೀದ್ ಲಾಜಾಜ್ ಮತ್ತು ಸಹಲೇಖಕರು ಮಂಡಿಸಿದ ಸಾಕ್ಷ್ಯ ತಕ್ಕಡಿಯನ್ನು ತುಸು ವಾಲಿಸುತ್ತದೆ. ಕಡಿಮೆ ಮತ್ತು ಮಧ್ಯಮ ಆದಾಯದ 23 ದೇಶಗಳಲ್ಲಿ ಮುಖಾಮುಖಿ ಕೇಳಿದ 94,751 ಮಂದಿಯ ಉತ್ತರಗಳಲ್ಲಿ ಐದು ಗುಣಗಳು ಸರಿಯಾಗಿ ಬೇರ್ಪಡಲಿಲ್ಲ. ಅಂತರ್ಜಾಲದಲ್ಲಿ ತಾವೇ ತುಂಬಿದವರ ಉತ್ತರಗಳಲ್ಲಿ ಎಷ್ಟೋ ಮೇಲಾಗಿ ಕಂಡವು. ಕೇಳುವವರು ಎದುರಿಗಿರುವುದು, ಹೌದೆನ್ನುವ ಒಲವು ಇವೆರಡನ್ನೂ ಲೇಖಕರು ಕಾರಣಗಳಲ್ಲಿ ಎಣಿಸಿದ್ದಾರೆ. ಅಂತರ್ಜಾಲಕ್ಕೆ ಬರುವವರು ಆಯ್ದ ಗುಂಪು ಎಂಬ ಎಚ್ಚರವೂ ಬೇಕು.

ಒಬ್ಬ ವ್ಯಕ್ತಿಯ ಬಗ್ಗೆ ಅವರನ್ನು ಬಲ್ಲ ಹಲವರನ್ನು, ಆ ಹಲವರಲ್ಲಿ ಪ್ರತಿಯೊಬ್ಬರನ್ನು ಬೇರೆ ಬೇರೆ ವ್ಯಕ್ತಿಗಳ ಬಗ್ಗೆ ಕೇಳಿದರೆ ಮಾತ್ರ ರೂಢಿಯನ್ನೂ ಸ್ವಭಾವವನ್ನೂ ಬೇರ್ಪಡಿಸಬಹುದು. ಆಗ ಎರಡು ಘಟಕಗಳೇ ಉಳಿದರೆ ಗರ್ವೆನ್ ಅವರ ವಾದ ನಿಲ್ಲುತ್ತದೆ. ಅಂಥ ದತ್ತಾಂಶ ಕೈಗೆ ಸಿಗುವವರೆಗೆ ಪ್ರಶ್ನೆ ತೆರೆದೇ ಇದೆ.