ಭಂಡಾರದ ಹಳದಿ ಮತ್ತು ಐದನೆಯ ಮೂಲವಸ್ತು

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ಭಕ್ತರು ಎರಚುವ ಭಂಡಾರವು ಅರಿಸಿನದ ಪುಡಿಯೇ ಆಗಿದೆ. ಅರಿಸಿನಕ್ಕೆ ಸುಣ್ಣ ಬೆರೆತರೆ ಕೆಂಪಾಗುವುದೆಂಬುದು ಮನೆಮನೆಯ ಅರಿವು; ರಸಾಯನಶಾಸ್ತ್ರದ ಚರಿತ್ರೆಯಲ್ಲಿ ಅದಕ್ಕೂ ಸ್ಥಾನ ಸಲ್ಲಬೇಕು. ಯುರೋಪಿನಲ್ಲಿ ಫೋಗೆಲ್ ಮತ್ತು ಪೆಲ್ಲೆಟಿಯರ್ ಈ ವರ್ಣದ್ರವ್ಯವನ್ನು ಬೇರ್ಪಡಿಸಿದ್ದು 1815ರಲ್ಲಿ. ಕರ್ಕ್ಯುಮಿನ್ ಎಂಬ ಆ ದ್ರವ್ಯದ ರಚನೆ ತಿಳಿದುಬಂದದ್ದು 1910ರಲ್ಲಿ. ಅದರ ಒಂದು ಅಣುವಿನಲ್ಲಿ 21 ಇಂಗಾಲ, 20 ಜಲಜನಕ, 6 ಆಮ್ಲಜನಕದ ಪರಮಾಣುಗಳಿವೆ. ಈ ಮೂರರಲ್ಲಿ ಯಾವುದೂ ತಾನಾಗಿ ಹಳದಿಯಲ್ಲ. ಬಣ್ಣವು ಪರಮಾಣುಗಳ ಜೋಡಣೆಯದು. ಸುಣ್ಣದ ಕ್ಷಾರವು ಅಣುವಿನಿಂದ ಪ್ರೋಟಾನನ್ನು ಸೆಳೆದೊಡನೆ ಬಣ್ಣವೂ ಮಾರ್ಪಡುತ್ತದೆ.

ಇದಕ್ಕಿಂತ ಗಮನಾರ್ಹವಾದುದು, ಅರಿಸಿನ ಲೇಪಿಸಿದ ಕಾಗದವೇ ಆವರ್ತ ಕೋಷ್ಟಕದ 5ನೆಯ ಮೂಲವಸ್ತುವಾದ ಬೋರಾನನ್ನು ಪತ್ತೆಹಚ್ಚುವ ಸಾಧನವಾದದ್ದು. ಬೋರಿಕ್ ಆಮ್ಲ ತಾಗಿ ಒಣಗಿದ ಕಾಗದ ಕಂದುಗೆಂಪಾಗುತ್ತದೆ. ಸುಣ್ಣದಿಂದಾದ ಕೆಂಪು ಆಮ್ಲಕ್ಕೆ ಅಳಿಯುವುದು, ಇದು ಅಳಿಯದು. ಕ್ಷಾರ ಸೋಕಿದರೆ ಹಸಿರುಗಪ್ಪಿಗೆ ತಿರುಗುತ್ತದೆ.