ನದಿ, ಕೆರೆ ದಡದಲ್ಲಿ ಟೆಂಟ್ ಹಾಕ್ತೀರಾ? ಜಾಗ ಆರಿಸುವ ಮುನ್ನ ಇದನ್ನು ಓದಿ

ವಾರಾಂತ್ಯ ಬಂತೆಂದರೆ ಬೆನ್ನಿಗೆ ಬ್ಯಾಗ್ ಏರಿಸಿ ಊರು ಬಿಡುವವರ ಸಂಖ್ಯೆ ಈಗ ದೊಡ್ಡದು. ಪುಣೆ, ಮುಂಬೈ ಮಂದಿಗೆ ಪವನಾ ಜಲಾಶಯ ಮತ್ತು ಭಂಡಾರದರಾ, ದೆಹಲಿಯವರಿಗೆ ಋಷಿಕೇಶದ ಗಂಗಾ ತೀರ, ಊರಿಗೆ ಬಂದವರಿಗೆ ಶರಾವತಿ ಹಿನ್ನೀರು, ಕಾಳಿ ಹಾಗೂ ಕಾವೇರಿ ದಂಡೆ ಅಚ್ಚುಮೆಚ್ಚು. ನೀರಿನ ಪಕ್ಕದಲ್ಲೇ ಟೆಂಟ್ ಹಾಕಿ, ಬೆಳಿಗ್ಗೆ ಎದ್ದ ಕೂಡಲೇ ನದಿಯನ್ನು ನೋಡಬೇಕು ಎಂಬುದು ಎಲ್ಲರ ಆಸೆ. ಆದರೆ ಫೋಟೊಗೆ ಚೆಂದ ಕಾಣುವ ಜಾಗ ಮಲಗಲು ಸುರಕ್ಷಿತವಾಗಿರಬೇಕೆಂದೇನಿಲ್ಲ.

2014ರ ಜೂನ್ 8ರ ಸಂಜೆ ಹಿಮಾಚಲ ಪ್ರದೇಶದ ಮಂಡಿ ಜಿಲ್ಲೆಯಲ್ಲಿ ನಡೆದ ದುರಂತ ಇದಕ್ಕೆ ಸಾಕ್ಷಿ. ಹೈದರಾಬಾದ್‌ನಿಂದ ಪ್ರವಾಸಕ್ಕೆ ಹೋಗಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಬಿಯಾಸ್ ನದಿಯ ಬಂಡೆಗಳ ಮೇಲೆ ಇಳಿದು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಮೇಲ್ಭಾಗದ ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ಬಿಟ್ಟ ನೀರು ನುಗ್ಗಿ ಬಂತು. 24 ವಿದ್ಯಾರ್ಥಿಗಳು ಹಾಗೂ ಪ್ರವಾಸ ತಂಡದ ಜತೆಗಿದ್ದ ಒಬ್ಬರು ಕೊಚ್ಚಿ ಹೋದರು. ಎಚ್ಚರವಾಗಿದ್ದು, ಬೆಳಕಿದ್ದಾಗಲೇ ಹೀಗಾದರೆ ಕತ್ತಲಲ್ಲಿ, ಜಿಪ್ ಎಳೆದ ಟೆಂಟ್‌ನೊಳಗೆ ನಿದ್ರಿಸುತ್ತಿರುವವರ ಗತಿ ಏನು? ಹಾಗಾಗಿ ಜಾಗ ಆರಿಸುವುದೇ ಕ್ಯಾಂಪಿಂಗ್‌ನ ಮೊದಲ ಹಾಗೂ ಮುಖ್ಯ ಕೆಲಸ.

ಮೊದಲು ಮೇಲ್ಭಾಗದಲ್ಲಿ ಏನಿದೆ ನೋಡಿ

ನದಿ ದಡಕ್ಕೆ ಹೊರಡುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆ: ಮೇಲೆ ಅಣೆಕಟ್ಟು ಇದೆಯೇ? ದಾಂಡೇಲಿ ಭಾಗದ ಕಾಳಿ ನದಿಯಲ್ಲಿ ರಾಫ್ಟಿಂಗ್ ನಡೆಯುವುದೇ ಸೂಪಾ ಅಣೆಕಟ್ಟಿನಿಂದ ಬಿಡುವ ನೀರಿನ ಮೇಲೆ. ವಿದ್ಯುತ್ ಉತ್ಪಾದನೆ ಶುರುವಾದರೆ ನದಿ ಏರುತ್ತದೆ, ನಿಂತರೆ ಇಳಿಯುತ್ತದೆ. ಕೆಆರ್‌ಎಸ್ ಮತ್ತು ಕಬಿನಿಯಿಂದ ಬಿಟ್ಟ ನೀರು ಶಿವನಸಮುದ್ರ ದಾಟಿ ಭೀಮೇಶ್ವರಿ, ಸಂಗಮ, ಹೊಗೇನಕಲ್‌ ಕಡೆಗೆ ಹರಿಯುತ್ತದೆ. ಅಂದರೆ ಟೆಂಟ್ ಹಾಕಿದ ಜಾಗದಲ್ಲಿ ಒಂದು ಹನಿ ಮಳೆ ಬೀಳದಿದ್ದರೂ ನೀರು ಏರಬಹುದು.

'ನದಿ ಪಾತ್ರದ ಜನರು ಎಚ್ಚರದಿಂದಿರಬೇಕು' ಎಂಬ ಪ್ರಕಟಣೆ ಸುದ್ದಿಯಲ್ಲಿ ಬಂದಿದ್ದರೆ ಅದು ಪ್ರವಾಸಿಗರಿಗೂ ಅನ್ವಯ. ಸೈರನ್ ಕೇಳಿಸಿದರೆ ಸಾಮಾನು ಕಟ್ಟುತ್ತಾ ಕೂರದೆ, ಬರಿಗೈಯಲ್ಲಿ ಎತ್ತರಕ್ಕೆ ಓಡಬೇಕು.

ನದಿ ಬಿಟ್ಟು ಹೋದ ಗುರುತುಗಳು

ಹಿಂದಿನ ಪ್ರವಾಹ ಎಲ್ಲಿಯವರೆಗೆ ಬಂದಿತ್ತು ಎಂಬುದನ್ನು ದಡವೇ ಹೇಳುತ್ತದೆ. ಪೊದೆ, ಕೊಂಬೆಗಳಿಗೆ ಸಿಕ್ಕಿಕೊಂಡ ಒಣಹುಲ್ಲು, ಪ್ಲಾಸ್ಟಿಕ್ ಚೂರು, ಒಂದೇ ದಿಕ್ಕಿಗೆ ಬಾಗಿದ ಗಿಡಗಳು, ಬಂಡೆಗಳ ಮೇಲಿನ ಕೆಸರಿನ ಗೆರೆ, ಹೊಸ ಮರಳಿನ ಪದರ ಕಂಡರೆ ಅಲ್ಲಿಯವರೆಗೆ ನೀರು ಬಂದಿದೆ ಎಂದರ್ಥ. ಟೆಂಟ್ ಆ ಗೆರೆಗಿಂತ ಮೇಲಿರಬೇಕು.

ನದಿ ಮಧ್ಯದ ನಡುಗಡ್ಡೆ, ಮರಳದಿಣ್ಣೆ, ಹಳ್ಳ ಬಂದು ನದಿ ಸೇರುವ ಬಾಯಿ, ಒಣಗಿದ ಹಳ್ಳದ ಪಾತ್ರ ಇವು ಎಷ್ಟೇ ಸಮತಟ್ಟಾಗಿದ್ದರೂ ಬೇಡ. ಬೆಟ್ಟದ ಮೇಲೆ ಮಳೆ ಸುರಿದರೆ ಒಣ ಹಳ್ಳ ನಿಮಿಷಗಳಲ್ಲಿ ತುಂಬುತ್ತದೆ. 2024ರ ಜೂನ್ 30ರಂದು ಲೋನಾವಳದ ಭುಶಿ ಅಣೆಕಟ್ಟೆ ಬಳಿಯ ಜಲಪಾತದಲ್ಲಿ ಒಂದೇ ಕುಟುಂಬದ ಐವರನ್ನು ಸೆಳೆದೊಯ್ದದ್ದು ಇಂಥ ದಿಢೀರ್ ನೀರೇ. ಮಳೆಗಾಲದಲ್ಲಿ ಸಹ್ಯಾದ್ರಿಯ ಹಳ್ಳ, ಹೊಳೆ ದಂಡೆಯ ಕ್ಯಾಂಪಿಂಗ್ ಬೇಡವೇ ಬೇಡ.

ಹಿನ್ನೀರಿನ ಬಯಲು ಬಯಲಲ್ಲ

ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದಾಗ ಹುಲ್ಲು ಬೆಳೆದ ವಿಶಾಲ ಬಯಲು ಕಾಣಿಸುತ್ತದೆ. ನೀರು ತೀರಾ ಕಡಿಮೆಯಾದರೆ ಮುಳುಗಿರುವ ಹಳೆಯ ಹಿರೇಭಾಸ್ಕರ ಅಣೆಕಟ್ಟೂ ಮೇಲೆದ್ದು ಕಾಣುತ್ತದೆ. ಹುಲ್ಲಿನ ಬಯಲಿನಂತೆ ಕಂಡರೂ ಅದು ಜಲಾಶಯದ ತಳ. ಜಲಾಶಯದ ಗರಿಷ್ಠ ಮಟ್ಟ 1,819 ಅಡಿ. ಆ ಮಟ್ಟಕ್ಕಿಂತ ಕೆಳಗಿನ ನೆಲವೆಲ್ಲ ನೀರಿಗೆ ಸೇರಿದ್ದು. ಮೇಲ್ಮೈ ಒಣಗಿ ಬಿರುಕು ಬಿಟ್ಟಿದ್ದರೂ ಅಡಿಯಲ್ಲಿ ಹೂಳು ಹಸಿಯಾಗಿರಬಹುದು. ಕಾರು ಇಳಿಸಿದರೆ ಚಕ್ರ ಹೂತುಹೋಗುವುದು, ನೀರಿಗಿಳಿದರೆ ಕಾಲು ಸಿಕ್ಕಿಕೊಳ್ಳುವುದು ಇದೇ ಕಾರಣಕ್ಕೆ.

ಎಷ್ಟು ದೂರ, ಎಷ್ಟು ಎತ್ತರ?

ನೀರಿನಿಂದ ಕನಿಷ್ಠ 60 ಮೀಟರ್ ದೂರ ಎಂಬುದು ಕ್ಯಾಂಪಿಂಗ್‌ನಲ್ಲಿ ಜಗತ್ತಿನ ಹಲವೆಡೆ ಪಾಲಿಸುವ ನಿಯಮ. ದೊಡ್ಡವರ ಹೆಜ್ಜೆಯಲ್ಲಿ ಸುಮಾರು 70ರಿಂದ 80 ಹೆಜ್ಜೆ. ಇದರಿಂದ ಎರಡು ಲಾಭ. ಪಾತ್ರೆ ತೊಳೆದ ನೀರು, ಸೋಪು, ಶೌಚದ ಕೊಳೆ ನದಿ ಸೇರುವುದಿಲ್ಲ. ಜತೆಗೆ ನೀರು ಕುಡಿಯಲು ಬರುವ ಪ್ರಾಣಿಗಳ ದಾರಿಗೆ ಅಡ್ಡಿಯಾಗುವುದಿಲ್ಲ.

ಆದರೆ ದೂರವೊಂದೇ ಸಾಲದು. ಸಮತಟ್ಟಾದ ದಡದಲ್ಲಿ 60 ಮೀಟರ್ ಹಿಂದೆ ಹೋದರೂ ಎತ್ತರ ಒಂದಡಿಯೂ ಹೆಚ್ಚದಿರಬಹುದು. ನದಿಯಿಂದ ಒಂದು ಮೆಟ್ಟಿಲು ಮೇಲಿನ ದಿಬ್ಬ, ಅಲ್ಲಿಂದ ಇನ್ನೂ ಎತ್ತರಕ್ಕೆ ನಡೆದುಹೋಗಲು ದಾರಿ, ಇವೆರಡೂ ಇದ್ದರೆ ಅದು ಒಳ್ಳೆಯ ಜಾಗ.

ಎತ್ತರದ ಜಾಗಕ್ಕೆ ಇನ್ನೊಂದು ಅನುಕೂಲವಿದೆ. ರಾತ್ರಿ ತಂಪಾದ ಗಾಳಿ ಭಾರವಾಗಿ ತಗ್ಗಿಗೆ ಇಳಿದು ನೀರಿನ ಅಂಚಿನಲ್ಲಿ ನಿಲ್ಲುತ್ತದೆ. ಚಳಿ, ಮಂಜು, ಟೆಂಟ್ ಒಳಗೆ ತೊಟ್ಟಿಕ್ಕುವ ಇಬ್ಬನಿ ಎಲ್ಲವೂ ಅಲ್ಲೇ ಹೆಚ್ಚು. ಸ್ವಲ್ಪ ಮೇಲೆ, ಗಾಳಿಯಾಡುವ ಕಡೆ ಸೊಳ್ಳೆ ಕಾಟವೂ ಕಡಿಮೆ.

ಮೊಸಳೆ, ಆನೆ ಇರುವ ಕಡೆ

ದಾಂಡೇಲಿಯ ಕಾಳಿ ನದಿಯಲ್ಲಿ, ಕಾವೇರಿಯ ಹಲವು ಭಾಗಗಳಲ್ಲಿ ಮೊಸಳೆಗಳಿವೆ. ಬಿಸಿಲಿಗೆ ಮೈಯೊಡ್ಡಲು ಅವು ಆರಿಸುವುದು ಮರಳು ದಂಡೆಯನ್ನೇ. ಮೊಸಳೆಗಳು ಹೆಚ್ಚಿರುವ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ನೀರಿನ ಅಂಚಿನಿಂದ 50 ಮೀಟರ್ ದೂರ, ಗರಿಷ್ಠ ನೀರಿನ ಮಟ್ಟದಿಂದ 2 ಮೀಟರ್ ಎತ್ತರದಲ್ಲಿ ಟೆಂಟ್ ಹಾಕುವಂತೆ ಸರ್ಕಾರ ಸೂಚಿಸುತ್ತದೆ. ಅಲ್ಲಿನ ಉಪ್ಪುನೀರಿನ ಮೊಸಳೆ ನಮ್ಮದಕ್ಕಿಂತ ದೊಡ್ಡದು, ಹೆಚ್ಚು ಅಪಾಯಕಾರಿ. ಆದರೂ ಈ ಅಳತೆ ನಮಗೂ ಹೊಂದುತ್ತದೆ. ಮುಸ್ಸಂಜೆಯಲ್ಲಿ ದಡದಲ್ಲಿ ಕೂತು ಪಾತ್ರೆ ತೊಳೆಯುವುದು, ಮೀನು ಸ್ವಚ್ಛ ಮಾಡುವುದು, ಉಳಿದ ಅನ್ನ ಎಸೆಯುವುದು ಬೇಡ.

ಕಾಡಂಚಿನಲ್ಲಿ ನೀರಿಗೆ ಇಳಿಯುವ ಸವೆದ ದಾರಿ, ಲದ್ದಿ, ಹೆಜ್ಜೆ ಗುರುತು, ಸಿಪ್ಪೆ ಸುಲಿದ ಮರಗಳು ಕಂಡರೆ ಅದು ಆನೆಗಳ ದಾರಿ. ರಾತ್ರಿ ಅವು ಅದೇ ದಾರಿಯಲ್ಲಿ ಬರುತ್ತವೆ. ಅಂಥ ಕಡೆ ದೂರ ಸರಿಯುವುದಲ್ಲ, ಜಾಗವನ್ನೇ ಬದಲಿಸಬೇಕು.

ಅನುಮತಿ ಇಲ್ಲದೆ ಕಾಡಿಗೆ ಕಾಲಿಡಬೇಡಿ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯಗಳಿಗೆ ಹೋಗುವ ಪ್ರವಾಸಿಗರಿಗೆ ಅನುಮತಿ ಕಡ್ಡಾಯ, ಅಲ್ಲಿ ಬೆಂಕಿ ಹಚ್ಚುವುದು ಅಪರಾಧ. ಕಾವೇರಿ ವನ್ಯಜೀವಿ ಧಾಮ, ಕಾಳಿ ಹುಲಿ ಸಂರಕ್ಷಿತ ಪ್ರದೇಶಗಳಲ್ಲಿ ಇಷ್ಟ ಬಂದ ಕಡೆ ಟೆಂಟ್ ಹಾಕುವಂತಿಲ್ಲ. ಅರಣ್ಯ ಇಲಾಖೆ ಅಥವಾ ಜಂಗಲ್ ಲಾಡ್ಜಸ್‌ನ ನಿಗದಿತ ಶಿಬಿರಗಳಲ್ಲೇ ಉಳಿಯಬೇಕು. ಖಾಸಗಿ ಜಮೀನಾದರೆ ಮಾಲೀಕರ ಒಪ್ಪಿಗೆ ಬೇಕು. ಹಣ ಪಡೆದು ಕ್ಯಾಂಪ್ ನಡೆಸುವವರಿದ್ದರೆ ಪರವಾನಗಿ ಇದೆಯೇ, ಲೈಫ್ ಜಾಕೆಟ್ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ಟೆಂಟ್ ಬಿಚ್ಚುವ ಮುನ್ನ ಗಮನಿಸಿ

* ಸೂರ್ಯಾಸ್ತಕ್ಕೆ ಎರಡು ಗಂಟೆ ಮೊದಲೇ ತಲುಪಿ. ಕತ್ತಲಲ್ಲಿ ಯಾವ ಗುರುತೂ ಕಾಣುವುದಿಲ್ಲ.

* ತಲೆಯೆತ್ತಿ ನೋಡಿ. ಒಣಗಿದ ಕೊಂಬೆಯ ಕೆಳಗೆ, ಒಂಟಿ ಮರದಡಿ, ಸಡಿಲ ಬಂಡೆಯ ಬುಡದಲ್ಲಿ ಮಲಗಬೇಡಿ.

* ಸ್ವಲ್ಪ ಇಳಿಜಾರಿನ, ನೀರು ನಿಲ್ಲದ ನೆಲ ಆರಿಸಿ. ತಲೆ ಎತ್ತರದ ಕಡೆಗಿರಲಿ. ಜಲಾಶಯದ ದಡದಲ್ಲಿ ಗಾಳಿ ಜೋರಾಗಿರುವುದರಿಂದ ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ.

* ನೀರಿನ ಅಂಚಿನಲ್ಲಿ ಕೋಲೊಂದನ್ನು ನೆಟ್ಟು ಆಗಾಗ ನೋಡಿ. ಕೋಲು ಮುಳುಗುತ್ತಿದ್ದರೆ, ತಿಳಿನೀರು ಕೆಂಪಾದರೆ, ಕಸಕಡ್ಡಿ ತೇಲಿ ಬಂದರೆ, ಹರಿವಿನ ಸದ್ದು ಹೆಚ್ಚಿದರೆ ತಕ್ಷಣ ಜಾಗ ಖಾಲಿ ಮಾಡಿ.

* ನದಿ, ಕೆರೆ ನೀರು ತಿಳಿಯಾಗಿದ್ದರೂ ಕುದಿಸಿಯೇ ಕುಡಿಯಿರಿ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಬೇಕು, 2,000 ಮೀಟರ್‌ಗಿಂತ ಎತ್ತರದ ಜಾಗದಲ್ಲಿ ಮೂರು ನಿಮಿಷ.

* ಶೌಚಕ್ಕೆ ನೀರಿನಿಂದ 60 ಮೀಟರ್ ಆಚೆ, 15ರಿಂದ 20 ಸೆಂ.ಮೀ. ಆಳದ ಗುಂಡಿ ತೋಡಿ ಮುಚ್ಚಿ.

* ಚಳಿ ಎಂದು ಟೆಂಟ್ ಒಳಗೆ ಇದ್ದಿಲು, ಸ್ಟೌ ಉರಿಸಬೇಡಿ. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ.

* ಎಲ್ಲಿ ಉಳಿಯುತ್ತಿದ್ದೀರಿ, ಯಾವಾಗ ಮರಳುತ್ತೀರಿ ಎಂದು ಮನೆಯವರಿಗೆ ತಿಳಿಸಿ. ತುರ್ತು ಸಂಖ್ಯೆ 112.

ಇಷ್ಟೆಲ್ಲ ನೋಡಿದ ಮೇಲೂ ಅನುಮಾನ ಉಳಿದರೆ ಹತ್ತಿರದ ಊರಿನ ಮೀನುಗಾರರನ್ನೋ, ದನ ಮೇಯಿಸುವವರನ್ನೋ ಕೇಳಿ. ನೀರು ಎಲ್ಲಿಯವರೆಗೆ ಬರುತ್ತದೆ, ಮೊಸಳೆ ಎಲ್ಲಿ ಮಲಗುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. 'ಅಲ್ಲಿ ಬೇಡ' ಎಂದು ಅವರು ಹೇಳಿದರೆ ಕಾರಣ ಕೇಳಿ ವಾದಿಸುವ ಬದಲು ಗಂಟುಮೂಟೆ ಎತ್ತಿಕೊಂಡು ಮೇಲಕ್ಕೆ ಹೋಗುವುದೇ ಜಾಣತನ. ನದಿ ಅಲ್ಲಿಂದಲೂ ಕಾಣುತ್ತದೆ.